ಎಲ್ಲರೂ ರೈಟ್ ಅಂದರು

ಹೋದ ಬುಧವಾರ ಕೋಗಿಲಿನ ಒಂದು ಮನೆಯ ಜಗಲಿಯಲ್ಲಿ ಕುಳಿತು ಒಂದು ಮಾತು ಕೇಳಿದೆ. ಕೇಳಿ ಎದ್ದವನು ಚಪ್ಪಲಿ ಅಲ್ಲೇ ಬಿಟ್ಟು ಯಲಹಂಕ ಉಪನಗರದ ತನಕ ಬರಿಗಾಲಲ್ಲಿ ನಡೆದುಬಂದಿದ್ದೇನೆ. ಹೆಂಡತಿ ನನ್ನ ಕಾಲು ನೋಡಿ, "ಇದೇನ್ರೀ ಅವತಾರ?" ಅಂದಾಗಲೇ ನನಗೆ ಗೊತ್ತಾದದ್ದು. ಅಂದಿನಿಂದ ಊಟ ರುಚಿಸುತ್ತಿಲ್ಲ. ಪೇಪರ್ ಹಿಡಿದರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತೇನೆ. ಬರೆದರಾದರೂ ಎದೆಯ ಭಾರ ಒಂದಿಷ್ಟು ಇಳಿದೀತೇನೋ ಎಂದು ಕೂತಿದ್ದೇನೆ.

ಆ ಮನೆಯ ಯಜಮಾನರು ತೀರಿಕೊಂಡು ತಿಂಗಳಾಗುತ್ತ ಬಂತು. ಬೆಳಿಗ್ಗೆ ಹಾಲು ತರಲು ಹೋದವರು ಸುಸ್ತು ಅಂತ ಅಂಗಡಿ ಕಟ್ಟೆಯ ಮೇಲೆ ಕೂತರಂತೆ, ಮತ್ತೆ ಏಳಲಿಲ್ಲ. ಅವರ ಹೆಸರು ಬರೆಯುವುದಿಲ್ಲ. ನನ್ನ ಬಾಯಲ್ಲಿ ಆ ಹೆಸರು ಬಂದದ್ದೂ ಕಡಿಮೆಯೇ. ಇಪ್ಪತ್ತೆರಡು ವರ್ಷ ಅವರು ಸಿಟಿ ಬಸ್ಸಿನ ಡ್ರೈವರ್, ನಾನು ಅದೇ ಬಸ್ಸಿನ ಕಂಡಕ್ಟರ್. ನನಗೆ ಅವರು ಡ್ರೈವರ್ರು, ಅವರಿಗೆ ನಾನು ಕಂಡಕ್ಟ್ರು. ನಿವೃತ್ತಿಯಾದ ಮೇಲೂ ಅದೇ. ನನ್ನ ಮಗಳ ಮದುವೆಯ ಛತ್ರದಲ್ಲಿ "ಕಂಡಕ್ಟ್ರೇ, ಎಲೆ ಆಕ್ಸಾಣ್ವಾ?" ಎಂದು ಅವರು ಕೂಗಿದಾಗ ಬೀಗರ ಕಡೆಯವರೆಲ್ಲ ತಿರುಗಿ ನನ್ನನ್ನು ನೋಡಿದ್ದರು.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಈ ಮನುಷ್ಯನಿಗೆ ನಾನೊಂದು ಸತ್ಯ ಹೇಳಬೇಕಿತ್ತು. ನಾಲ್ಕು ವರ್ಷ ಪ್ರತಿ ಸಂಜೆ ಅವರ ಎದುರು ಕೂತು ಕಾಫಿ ಕುಡಿದೆ, ಹೇಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಆಳು ಗಟ್ಟಿಮುಟ್ಟಾಗಿದ್ದರು, ಅವಸರವೇನಿರಲಿಲ್ಲ.

ಡ್ರೈವರ್ರು ಮೂಲತಃ ಕೋಗಿಲಿನವರೇ. ಕೋಗಿಲು ಹಳ್ಳಿಯಾಗಿದ್ದಾಗ ಹುಟ್ಟಿದವರು, ಅದು ಬೆಂಗಳೂರಾದ ಮೇಲೂ ನಾಲಿಗೆ ಬದಲಾಯಿಸದವರು. ಅವರ ಬಾಯಲ್ಲಿ ಹಕಾರ ಬಂದದ್ದನ್ನು ನಾನು ಕೇಳಿಲ್ಲ. ಹೆಬ್ಬಾಳ ಅವರಿಗೆ ಎಬ್ಬಾಳವೇ. ಸ್ಟಿಯರಿಂಗ್ ಹಿಡಿಯುವ ಮುಂಚೆ ಚಪ್ಪಲಿ ಬಿಚ್ಚಿ ಸೀಟಿನ ಕೆಳಗಿಡುತ್ತಿದ್ದರು. ಚೆಕಿಂಗಿಗೆ ಬಂದ ಅಧಿಕಾರಿಯೊಬ್ಬರು ಇದೇನು ಯೂನಿಫಾರ್ಮು ಎಂದು ಗದರಿಸಿದ್ದಕ್ಕೆ, "ಸಾರ್, ಅರವತ್ತು ಜನ ಕುಂತವ್ರೆ. ಬ್ರೇಕು ನನ್ ಪಾದುಕ್ಕೆ ಗೊತ್ತು, ಬಾಟಾ ಚಪ್ಲಿಗೆ ಗೊತ್ತಾಗಕ್ಕಿಲ್ಲ" ಅಂದಿದ್ದರು. ಆ ಮಾತಿಗೆ ಒಂದು ಮೆಮೊ ಬಂತು. ಮೆಮೊ ಮಡಚಿ ಜೇಬಿಗಿಟ್ಟು ಬರಿಗಾಲಲ್ಲೇ ಮುಂದಿನ ಟ್ರಿಪ್ಪು ಹೊಡೆದರು.

ಯಲಹಂಕದಿಂದ ಶಿವಾಜಿನಗರ, ಶಿವಾಜಿನಗರದಿಂದ ಯಲಹಂಕ. ನಮ್ಮ ಬದುಕೆಲ್ಲ ಇಷ್ಟೇ. ನಡುವೆ ಹೆಬ್ಬಾಳದ ಫ್ಲೈಓವರು. ಅದರ ಮೇಲೆ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡಾಗ ಹಿಂದಕ್ಕೆ ತಿರುಗಿ, "ಕಂಡಕ್ಟ್ರೇ, ಇಲ್ ನಿಂತ್ಕೊಂಡ್ ಕಳ್ದಿರೋ ಆಯಸ್ಸೆಲ್ಲ ಕೂಡಿಸಿದ್ರೆ ಇನ್ನೊಂದ್ ಮದ್ವೆ ಮಾಡ್ಕಂಡು ಆ ಮಕ್ಳುನ್ನೂ ಓದಿಸ್ಬೋದಿತ್ತು" ಅನ್ನುತ್ತಿದ್ದರು. ಬಸ್ಸು ನಗುತ್ತಿತ್ತು. ಅವರು ನಗುತ್ತಿರಲಿಲ್ಲ.

ಈಗ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಬಸ್ಸಿನಲ್ಲಿ ರೈಟ್ ಅಂದರೆ ಬಲಗಡೆ ಅಲ್ಲ, ಹೊರಡು ಎಂದು. ಹೋಲ್ಡಾನ್ ಅಂದರೆ ನಿಲ್ಲಿಸು. ಬಲಗಡೆಗೆ ನಮ್ಮಲ್ಲಿ ಇರುವ ಮಾತು 'ಡ್ರೈವರ್ ಸೈಡ್'. ಸೀಟಿ ಊದುವ ಕಂಡಕ್ಟರುಗಳಿದ್ದಾರೆ, ಬಸ್ಸಿನ ಮೈಗೆ ಕೈಯಲ್ಲಿ ಬಡಿಯುವವರಿದ್ದಾರೆ. ನನಗೆ ದೇವರು ಕೊಟ್ಟ ಗಂಟಲಿತ್ತು. ಡ್ರೈವರ್ರು ಆ ಗಂಟಲಿನಿಂದ ರೈಟ್ ಬರದೆ ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ. ಒಮ್ಮೆ ಆರ್.ಟಿ. ನಗರದ ಸ್ಟಾಪಿನಲ್ಲಿ ನಾನು ಕೆಳಗಿಳಿದು ಅಜ್ಜಿಯೊಬ್ಬಳ ಗಂಟು ಎತ್ತಿಕೊಡುತ್ತಿದ್ದೆ. ಒಳಗಿದ್ದವರೆಲ್ಲ ರೈಟ್ ರೈಟ್ ಎಂದು ಕಿರುಚಿದರು, ಟ್ರಾಫಿಕ್ ಪೊಲೀಸು ಬಂದು ಬಾನೆಟ್ಟಿಗೆ ಗುದ್ದಿದ. ಇವರು ಬೀಡಿ ಸೇದುವವನ ಹಾಗೆ ಆರಾಮಾಗಿ ಕೂತಿದ್ದರು. ನಾನು ಹತ್ತಿ ರೈಟ್ ಅಂದ ಮೇಲೇ ಬಸ್ಸು ಕದಲಿತು. "ಇಂದೆ ನೋಡಕ್ಕೆ ಕನ್ನಡಿ ಐತೆ, ಆದ್ರೆ ಕನ್ನಡಿಗೆ ಜವಾಬ್ದಾರಿ ಇರಕ್ಕಿಲ್ಲ. ಕಂಡಕ್ಟ್ರಿಗೆ ಇರ್ತೈತೆ" ಎಂದು ಆಮೇಲೆ ಟೀ ಅಂಗಡಿಯಲ್ಲಿ ಹೇಳಿದರು. ನನಗೆ ಅಂದು ಕೊಂಬು ಬಂದ ಹಾಗಾಗಿತ್ತು.

ನನ್ನ ಜೊತೆಯ ಇಪ್ಪತ್ತೆರಡೂ ಸೇರಿ ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಅವರ ಬಸ್ಸಿಗೆ ಒಂದು ಕೋಳಿಯೂ ಸಿಕ್ಕಿ ಸತ್ತದ್ದಿಲ್ಲ. ಅಪಘಾತ ಮಾಡದ ಚಾಲಕ ಎಂದು ಬೆಳ್ಳಿ ಪದಕ ಕೊಟ್ಟರು. ಪದಕವನ್ನು ಪ್ರಮಾಣಪತ್ರದ ಜೊತೆ ಗಾಜು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದರು. ಯಾರೇ ಬಂದರೂ ಅದನ್ನು ತೋರಿಸುತ್ತಿರಲಿಲ್ಲ, ಆದರೆ ಅದು ಕಾಣುವ ಕುರ್ಚಿಯಲ್ಲೇ ಅವರನ್ನು ಕೂರಿಸುತ್ತಿದ್ದರು.

ಇಂಥ ಮನುಷ್ಯ ನಿವೃತ್ತಿಯಾಗಿ ಒಂದು ವರ್ಷ ಮನೆಯಲ್ಲಿ ಕೂತು, ಒಂದು ಸಂಜೆ ಅಂಡಮಾನಿಗೆ ಹೋಗೋಣ ಅಂದರು. ಹೋಗುವುದೇನೋ ಸರಿ, ವಿಮಾನವಿದೆ, ಹಡಗಿದೆ. ಇವರಿಗೆ ಸ್ವಂತ ಗಾಡಿ ತೆಗೆದುಕೊಂಡು ಹೋಗಬೇಕು.

"ಗಾಡಿ ಸಮುದ್ರದ ಮೇಲೆ ಓಡುತ್ತಾ ಡ್ರೈವರ್ರೇ?" ಎಂದೆ.

"ಅಡಗ್ನಲ್ ಆಕಿ ಕಳಿಸ್ತಾರಂತೆ, ಇಚಾರ್ಸಿದೀನಿ. ಮೂವತ್ತೊಂದ್ ವರ್ಷ ಎಲ್ಗೋದ್ರೂ ತಿರ್ಗಾ ಡಿಪೋಗೇ ಬಂದ್ವಲ್ಲ ಕಂಡಕ್ಟ್ರೇ. ರೋಡು ಮುಗಿಯೋ ಜಾಗ ಅಂತ ಒಂದ್ ನೋಡ್ಬೇಕು. ದ್ವೀಪ ಅಂದ್ರೆ ಮುಗೀಲೇಬೇಕಲ್ಲ, ಸುತ್ತ ನೀರೈತೆ."

ಹಳೆಯ ಸ್ಕೂಲ್ ವ್ಯಾನೊಂದನ್ನು ಕೊಂಡರು. ಟಿ. ದಾಸರಹಳ್ಳಿಯ ಶೆಡ್ಡೊಂದರಲ್ಲಿ ಎರಡು ತಿಂಗಳು ಅದರ ಹಿಂದೆ ಬಿದ್ದರು. ಸೀಟು ಕಿತ್ತು ಹಲಗೆ ಹಾಸಿದರು, ಗ್ಯಾಸ್ ಒಲೆ ಕೂರಿಸಿದರು, ನೀರಿನ ಡ್ರಮ್ಮು ಕಟ್ಟಿಸಿದರು. ಬಣ್ಣ ಮಾತ್ರ ಹಳದಿಯೇ ಇರಲಿ ಅಂದರು. ಹಿಂದುಗಡೆ 'ಶಾಲಾ ಮಕ್ಕಳಿದ್ದಾರೆ, ನಿಧಾನ' ಎಂದು ಬರೆದಿತ್ತು, ಅದನ್ನೂ ಅಳಿಸಲಿಲ್ಲ. ಹೋದವರು ಮೂವರು: ಅವರು, ಅವರ ಹೆಂಡತಿ, ನಾನು. ನನ್ನ ಹೆಂಡತಿ ಹಡಗು ಅಂದರೆ ವಾಂತಿ ಎಂದು ಕೈಮುಗಿದಳು. ಮೂವರ ವಯಸ್ಸು ಕೂಡಿದರೆ ನೂರೆಂಬತ್ತು ದಾಟುವ ಆ ಶಾಲಾ ಮಕ್ಕಳು ಮದ್ರಾಸಿನ ಬಂದರು ತಲುಪಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ವ್ಯಾನಿಗೆ ಸರಕಿನ ಹಡಗು, ನಮಗೆ ಜನರ ಹಡಗು. ನಾವು ಮೊದಲು ಮುಟ್ಟಿದೆವು. ವ್ಯಾನು ಬರುವ ತನಕ ಆರು ದಿನ ಪೋರ್ಟ್ ಬ್ಲೇರಿನ ಲಾಡ್ಜಿನಲ್ಲಿ ಕಾದೆವು. ಡ್ರೈವರ್ರು ದಿನಾ ಬೆಳಿಗ್ಗೆ ಬಂದರಿಗೆ ಹೋಗಿ, ಮಗಳ ಬಸ್ಸು ಇನ್ನೂ ಬಂದಿಲ್ಲ ಎನ್ನುವ ಅಪ್ಪನ ಹಾಗೆ ನಿಂತಿರುತ್ತಿದ್ದರು. ಏಳನೇ ದಿನ ಹಳದಿ ವ್ಯಾನು ಕೆಳಗಿಳಿದಾಗ ಬಾನೆಟ್ಟಿನ ಮೇಲೆ ಕೈಯಿಟ್ಟು, "ಉಸಾರಾಗಿದೀಯೇನಮ್ಮ?" ಎಂದು ಕೇಳಿದರು.

ಆ ದ್ವೀಪದಲ್ಲಿ ಇರುವುದು ಒಂದೇ ದೊಡ್ಡ ರಸ್ತೆ. ಅದು ಕಾಡಿನ ಒಳಗೆ ಹೋಗುತ್ತದೆ. ಕಾಡು ಅಲ್ಲಿನ ಮೂಲದ ಜನರದು. ಗಾಡಿಗಳನ್ನು ಸಾಲು ಕಟ್ಟಿಸಿ ಪೊಲೀಸರೊಂದಿಗೆ ಕಳಿಸುತ್ತಾರೆ. ನಿಲ್ಲಿಸಬಾರದು, ಫೋಟೋ ತೆಗೆಯಬಾರದು, ಏನನ್ನೂ ಕೊಡಬಾರದು. ಮುಂದಿನ ಕಾರಿನವರು ಕಿಟಕಿಯಿಂದ ಕತ್ತು ಹಾಕಿ ಹಾಕಿ ನೋಡುತ್ತಿದ್ದರು. ನಾನೂ ಕತ್ತು ಚಾಚಿದೆ. "ಒಳಗಾಕ್ಕಳಿ ಕಂಡಕ್ಟ್ರೇ. ಅವ್ರ್ ಮನೆ ಅಂಗ್ಳದಾಗ್ ಓಡಾಡ್ತಿದೀವಿ. ತಲೆ ತಗ್ಗಿಸ್ಕಂಡ್ ಓಗೋದ್ ಮರ್ವಾದೆ" ಅಂದರು. ಕಾಡು ಮುಗಿಯುವ ತನಕ ಹಾರ್ನ್ ಮುಟ್ಟಲಿಲ್ಲ.

ನಡುನಡುವೆ ಸಮುದ್ರದ ಕೈಗಳು ಅಡ್ಡ ಬರುತ್ತವೆ. ಅಲ್ಲಿ ಗಾಡಿಯನ್ನು ಚಪ್ಪಟೆ ದೋಣಿಗೆ ಹತ್ತಿಸಿ ಆಚೆ ದಾಟಿಸುತ್ತಾರೆ. ದೋಣಿಯವರ ಮಾತು ಹಿಂದಿ. ಮೊದಲ ಸಲ ಹತ್ತಿಸುವಾಗ ದೋಣಿಯವನು ಸಾಕು ನಿಲ್ಲಿಸು ಎಂದು "ಬಸ್, ಬಸ್" ಎಂದ. ಡ್ರೈವರ್ರು ಕಿಟಕಿಯಿಂದ ತಲೆ ಹಾಕಿ ಕನ್ನಡದಲ್ಲೇ, "ಬಸ್ ಅಲ್ಲ ಕಣಪ್ಪ, ವ್ಯಾನು. ಬಸ್ಸು ಬುಟ್ಟು ವರ್ಷ ಆಯ್ತು" ಅಂದರು. ಅವನಿಗೆ ತಿಳಿಯದಿದ್ದರೂ ಇವರ ಮುಖ ನೋಡಿ ನಕ್ಕ.

ಅಕ್ಕ, ಅಂದರೆ ಡ್ರೈವರ್ರ ಹೆಂಡತಿ, ತೆಂಗಿನ ಮರದ ನೆರಳಲ್ಲಿ ಒಲೆ ಹಚ್ಚಿ ರಾಗಿ ಮುದ್ದೆ ತಿರುವುತ್ತಿದ್ದರು. ಊರಿನವರು ಬಂದು ಸುತ್ತ ನಿಂತು ನೋಡುತ್ತಿದ್ದರು. ಹೀಗೆ ಹತ್ತು ದಿನ ಹೋಗಿ ಹೋಗಿ ಉತ್ತರದ ತುದಿಯಲ್ಲಿ ರಸ್ತೆ ಮರಳಿಗೆ ಬಂದು ನಿಂತಿತು. ಎದುರಿಗೆ ನೀರು. ಡ್ರೈವರ್ರು ಎಂಜಿನ್ ಆರಿಸಿ ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ಬಹಳ ಹೊತ್ತು ಕೂತರು. ತಮಾಷೆಗೆ ನಾನು ಹಿಂದಿನಿಂದ "ರೈಟ್" ಎಂದೆ. "ಎಲ್ಲಿಗ್ ರೈಟು ಕಂಡಕ್ಟ್ರೇ, ಮುಗೀತು" ಅಂದರು. ಅಷ್ಟು ಸುಖವಾದ ಮುಖವನ್ನು ನಾನು ಅವರಲ್ಲಿ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ವಾಪಸು ಬರುವಾಗ ಆದದ್ದನ್ನು ಈಗ ಬರೆಯಬೇಕು.

ದೋಣಿ ಬಂದು ನಿಲ್ಲುವ ಒಂದು ಸಣ್ಣ ಜೆಟ್ಟಿ. ನೀರು ಇಳಿದಿತ್ತು, ದೋಣಿ ಕೆಳಗೆ ಕೂತಿತ್ತು. ಜೆಟ್ಟಿಯಿಂದ ದೋಣಿಗೆ ಹಾಸಿದ ಕಬ್ಬಿಣದ ಹಲಗೆ ಇಳಿಜಾರಾಗಿ ಪಾಚಿ ಹಿಡಿದಿತ್ತು. ಗಾಡಿಗಳನ್ನು ಹಿಮ್ಮುಖವಾಗಿ ಹತ್ತಿಸಬೇಕಿತ್ತು. ನಾನು ದೋಣಿಯೊಳಗೆ ವ್ಯಾನಿನ ಹಿಂದೆ ನಿಂತು ದಾರಿ ತೋರಿಸುತ್ತಿದ್ದೆ. ಎಡಗಡೆಯ ಹಿಂದಿನ ಚಕ್ರ ಹಲಗೆಯ ಅಂಚಿಗೆ ಬಂತು. ಹೋಲ್ಡಾನ್ ಎಂದೆ, ನಿಂತಿತು. ದೋಣಿಯ ಆಳೊಬ್ಬ, ಐವತ್ತು ದಾಟಿದ ಬಂಗಾಳಿ ಮನುಷ್ಯ, ಚಕ್ರದ ಹಿಂದೆ ಮರದ ತುಂಡು ಕೊಡಲು ಬಗ್ಗಿದ. ಸ್ಟಿಯರಿಂಗ್ ಬಲಕ್ಕೆ ತಿರುಗಿಸಬೇಕಿತ್ತು. ಜೆಟ್ಟಿಯ ಮೇಲಿದ್ದ ದೋಣಿಯವರೆಲ್ಲ ಬಲಕ್ಕೆ ತಿರುಗಿಸು ಎನ್ನುವ ಅರ್ಥದಲ್ಲಿ "ರೈಟ್ ಕಾಟೋ, ರೈಟ್, ರೈಟ್" ಎಂದು ಕೂಗಿದರು. ವ್ಯಾನು ಅಲ್ಲಾಡಲಿಲ್ಲ. ಯಾರು ಎಷ್ಟು ಕೂಗಿದರೇನು, ಡ್ರೈವರ್ರು ಕಾಯುತ್ತಿದ್ದದ್ದು ಒಂದೇ ಗಂಟಲಿಗೆ.

ಡ್ರೈವರ್ ಸೈಡ್ ಅನ್ನಬೇಕಾದವನು ನಾನು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಆ ಮಾತು ತಪ್ಪಿರಲಿಲ್ಲ. ಆ ಗದ್ದಲದಲ್ಲಿ ದೋಣಿಯವರ ಮಾತೇ ನನ್ನ ಬಾಯಿಗೆ ಬಂದುಬಿಟ್ಟಿತು. ಗಂಟಲು ಬಿರಿಯುವ ಹಾಗೆ "ರೈಟ್, ರೈಟ್" ಎಂದೆ.

ವ್ಯಾನು ಹಿಂದಕ್ಕೆ ಬಂತು. ಚಕ್ರ ಅಂಚಿನಿಂದ ದೋಣಿಯ ನೆಲಕ್ಕೆ ಬಿತ್ತು. ಆ ಮನುಷ್ಯನ ಎಡಗಾಲಿನ ಪಾದ ಅದರ ಕೆಳಗೆ ಸಿಕ್ಕಿತು. ಒಣ ಕಟ್ಟಿಗೆ ಮುರಿದಂಥ ಸದ್ದು ಬಂತು, ಆಮೇಲೆ ಅವನ ಕೂಗು. ನಾನು ಕೈಯೆತ್ತಿದವನು ಎತ್ತಿದ ಹಾಗೇ ನಿಂತಿದ್ದೆ. ಬರಿಗಾಲಲ್ಲಿ ಜಿಗಿದು ಬಂದು ಜ್ಯಾಕ್ ಕೊಟ್ಟು ಚಕ್ರ ಎತ್ತಿಸಿ ಅವನನ್ನು ಹೊರಗೆಳೆದವರು ಡ್ರೈವರ್ರು. ಅಕ್ಕ ಸೆರಗು ಹರಿದು ಕಟ್ಟಿದರು. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು, ಪಾದ ಉಳಿಯಿತು.

ಪೊಲೀಸರು ಬಂದರು. ಡ್ರೈವರ್ರಿಗೆ ಹಿಂದಿ ಬಾರದು. ನನಗೆ ಟಿಕೆಟ್ ಹರಿದು ಹರಿದು ನಾಲ್ಕು ಭಾಷೆ ಬರುತ್ತದೆ. ಹಾಗಾಗಿ ಅವರು ಹೇಳಿದ್ದನ್ನು ಹಿಂದಿಯಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಏನಾಯ್ತು ಅಂತ ಕೇಳ್ತಿದಾರೆ ಡ್ರೈವರ್ರೇ" ಎಂದೆ.

ಅವರು ನನ್ನ ಕಡೆ ನೋಡದೆ ಪೊಲೀಸಿನವನನ್ನೇ ನೋಡುತ್ತ, "ಕ್ಲಚ್ಚಿಂದ ನನ್ ಕಾಲು ಜಾರ್ತು ಅಂತ ಏಳಿ" ಅಂದರು.

ಹೇಳಿದೆ. ಇವರ ಕಾಲು ಕ್ಲಚ್ಚಿನಿಂದ ಜಾರಿತಂತೆ ಎಂದು ನನ್ನ ಬಾಯಲ್ಲೇ ಹಿಂದಿಯಲ್ಲಿ ಹೇಳಿದೆ. ಅವನು ಬರೆದುಕೊಂಡ. ಬಸ್ಸಿನಲ್ಲಿ ಮೂವತ್ತೊಂದು ವರ್ಷ ಜಾರದ ಕಾಲು ಅದು. ಎದೆಯಲ್ಲಿ ಒಂದು ಮಾತು ಮೇಲೆ ಬಂತು, ಗಂಟಲಿಗೆ ಬರುವಷ್ಟರಲ್ಲಿ ಮುಂದಿನ ತಿಂಗಳ ಮಗಳ ಮದುವೆ ಕಣ್ಣೆದುರು ನಿಂತಿತು. ನುಂಗಿಬಿಟ್ಟೆ. ರಾತ್ರಿ ಬೆಳಗಾಗುವುದರೊಳಗೆ ನನಗೆ ನಾನೇ ಒಂದು ಸಮಾಧಾನ ಹೊಲಿದುಕೊಂಡಿದ್ದೆ: ಎಲ್ಲರೂ ರೈಟ್ ಅನ್ನುತ್ತಿದ್ದರು, ಆ ಗಲಾಟೆಯಲ್ಲಿ ಯಾರದು ಯಾವುದು ಎಂದು ಅವರಿಗೇ ತಿಳಿದಿರಲಿಕ್ಕಿಲ್ಲ, ಗಾಬರಿಯಲ್ಲಿ ಕಾಲು ನಿಜವಾಗಿ ಜಾರಿದ್ದರೂ ಜಾರಿರಬಹುದು. ಮನುಷ್ಯ ತನಗೆ ತಾನೇ ವಕೀಲನಾದರೆ ಫೀಸಿಲ್ಲ ನೋಡಿ.

ಹನ್ನೊಂದು ದಿನ ಆಸ್ಪತ್ರೆಯ ಬಳಿ ಉಳಿದೆವು. ಡ್ರೈವರ್ರು ದಿನಾ ಹೋಗಿ ಆ ಮನುಷ್ಯನ ಮಂಚದ ಪಕ್ಕ ಕೂರುತ್ತಿದ್ದರು. ಇವರ ಕನ್ನಡ ಅವನಿಗಿಲ್ಲ, ಅವನ ಬಂಗಾಳಿ ಇವರಿಗಿಲ್ಲ. ಆದರೂ ಇಬ್ಬರೂ ಏನೋ ಮಾತಾಡಿಕೊಳ್ಳುತ್ತಿದ್ದರು. ಅಕ್ಕ ಮುದ್ದೆ ಕಳಿಸಿದ ದಿನ ಅವನು ಅದನ್ನು ಅಗಿಯಲು ಹೋಗಿ ಮುಖ ಹಿಂಡಿದ. ಮುದ್ದೆ ನುಂಗುವುದು ಹೇಗೆಂದು ಡ್ರೈವರ್ರು ತೋರಿಸಿಕೊಟ್ಟರು. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದೆ, ಒಳಗೆ ಹೋಗಲು ಕಾಲು ಬರುತ್ತಿರಲಿಲ್ಲ.

ವ್ಯಾನನ್ನು ಅಲ್ಲೇ ಒಬ್ಬ ಮೀನಿನವನಿಗೆ ಬಿಟ್ಟು ವಿಮಾನದಲ್ಲಿ ಬಂದೆವು. ಬೆಂಗಳೂರಿಗೆ ಬಂದ ಮೇಲೆ ಡ್ರೈವರ್ರು ಸ್ಟಿಯರಿಂಗ್ ಮುಟ್ಟಲಿಲ್ಲ. ಅವರ ಅಳಿಯ ಹೊಸ ಕಾರು ತಂದು ಒಂದು ರೌಂಡು ಹೋಗಿ ಬನ್ನಿ ಮಾವ ಅಂದರೂ ಹಿಂದಿನ ಸೀಟಿನಲ್ಲೇ ಕೂತರು. ಗೋಡೆಯ ಮೇಲಿನ ಪದಕ ಕಾಣೆಯಾಯಿತು. ಅದಿದ್ದ ಜಾಗದಲ್ಲಿ ಸುಣ್ಣ ಒಂದು ಚೌಕದಷ್ಟು ಬೆಳ್ಳಗಿತ್ತು. ಪದಕ ಎಲ್ಲಿ ಎಂದು ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಆದರೆ ಸಂಜೆ ನಾಲ್ಕೂವರೆಯ ಕಾಫಿ ತಪ್ಪಲಿಲ್ಲ. ಅದೇ ಜಗಲಿ, ಅದೇ ಹರಟೆ, ಅದೇ ಎಬ್ಬಾಳದ ಫ್ಲೈಓವರು. ನನ್ನ ಮೇಲೆ ಅವರಿಗೆ ಒಂದು ಚೂರೂ ಕಹಿಯಿದ್ದ ಹಾಗೆ ಕಾಣಲಿಲ್ಲ. ಅದಕ್ಕೇ ಅವರಿಗೆ ಗೊತ್ತಿಲ್ಲ ಎಂದು ನಂಬಿಕೊಂಡೆ.

ಹೋದ ಬುಧವಾರ, ತಿಥಿ ಎಲ್ಲ ಮುಗಿದ ಮೇಲೆ, ರೂಢಿಯಂತೆ ನಾಲ್ಕೂವರೆಗೆ ಹೋದೆ. ಅಕ್ಕ ಒಬ್ಬರೇ ಇದ್ದರು. ಕಾಫಿ ತಂದಿಟ್ಟು ಎದುರಿಗೆ ಕೂತರು.

"ಅಣ್ಣಾ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅವತ್ತು ದೋಣಿ ತಾವ ರೈಟ್ ಅಂದಿದ್ದು ನೀವೇ ಅಲ್ವಾ?"

ನಾಚಿಕೆಯಿಲ್ಲದೆ ಬರೆಯುತ್ತೇನೆ, ಆಗಲೂ ನನ್ನ ಬಾಯಿಂದ ಬಂದದ್ದು, "ಎಲ್ರೂ ಅಂತಿದ್ರಲ್ಲಕ್ಕಾ" ಎಂದೇ.

"ಎಲ್ರೂ ಅಂದ್ರೆ ಅವ್ರು ಗಾಡಿ ಎತ್ತೋರಾ?" ಅಂದರು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ರಿಗೆ ಆ ಗಳಿಗೇಲೇ ಗೊತ್ತಿತ್ತು. ನಿಮ್ ಗಂಟ್ಲು ಅವ್ರಿಗೆ ಗೊತ್ತಾಗಕ್ಕಿಲ್ವಾ? ಆಸ್ಪತ್ರೆ ತಾವ ನಂಗೆ ಏಳಿದ್ರು. ಕಂಡಕ್ಟ್ರು ಮಗಳ್ ಮದ್ವೆ ಐತೆ, ಕೇಸು ಗೀಸು ಅಂತ ಅವ್ರು ಇಲ್ಲಿಗ್ ಅಲಿಯೋದು ಬ್ಯಾಡ, ನನ್ ತಲೆ ಮ್ಯಾಲೇ ಇರ್ಲಿ ಅಂದ್ರು. ಬಾಯ್ ತಪ್ಪು ಯಾರ್ಗಾದ್ರೂ ಆಯ್ತದೆ, ಊರಿಗ್ ಓದ್ಮೇಲೆ ಅವ್ರೇ ಏಳ್ತಾರೆ, ನೀನ್ ಕೇಳ್ಬ್ಯಾಡ ಅಂದ್ರು."

ಲೋಟ ಕೆಳಗಿಟ್ಟೆ.

"ದಿನಾ ನೀವು ಗೇಟ್ ದಾಟಿದ್ ಮೇಲೆ ಒಳಕ್ ಬಂದು, ಇವತ್ತೂ ಬಾಯ್ ಬುಡ್ನಿಲ್ಲ ಕಣೆ, ಅನ್ನೋರು. ಮೊದ್‌ಮೊದ್ಲು ನಗ್ತಾ ಅನ್ನೋರು. ಆಮೇಲ್ ಆಮೇಲೆ ಅನ್ನೋದ್ ಬುಟ್ರು. ಬಂದು ನನ್ ಮುಖ ನೋಡೋರು, ಅಷ್ಟೆ."

"ನಾನೇ ಅಕ್ಕಾ" ಎಂದೆ. "ಅಂದಿದ್ದು ನಾನೇ."

"ಗೊತ್ತು ಅಣ್ಣ. ಕಾಫಿ ಕುಡೀರಿ, ಆರೋಗ್ತದೆ" ಅಂದರು ಅಕ್ಕ.

ಕುಡಿದೆನೋ ಬಿಟ್ಟೆನೋ ನೆನಪಿಲ್ಲ. ಎದ್ದು ಗೇಟಿನ ತನಕ ಬಂದೆ. ಚಿಲುಕಕ್ಕೆ ಕೈಹಾಕಿದವನು ಅಲ್ಲೇ ನಿಂತುಬಿಟ್ಟೆ. ಅಂಡಮಾನಿನಿಂದ ಬಂದಂದಿನಿಂದ ಡ್ರೈವರ್ರು ದಿನಾ ನನ್ನ ಜೊತೆ ಅಲ್ಲಿಯವರೆಗೆ ಬರುತ್ತಿದ್ದರು. ಅದಕ್ಕೆ ಮುಂಚೆ ಎಂದೂ ಜಗಲಿ ಬಿಟ್ಟು ಇಳಿದವರಲ್ಲ. ವಯಸ್ಸಾಯಿತು, ಮರ್ಯಾದೆ ಹೆಚ್ಚಾಗಿದೆ ಎಂದು ನಾನು ರೇಗಿಸುತ್ತಿದ್ದೆ. ಗೇಟಿನ ಚಿಲುಕದ ಮೇಲೆ ಕೈಯಿಟ್ಟುಕೊಂಡು, ತೆಗೆಯದೆ, ನನ್ನ ಮುಖ ನೋಡಿ, "ಮತ್ತೆ?" ಎಂದು ಕೇಳುತ್ತಿದ್ದರು. ಹೊರಡುವವನಿಗೆ ಎಲ್ಲರೂ ಕೇಳುವ ಮಾತೇ ಅಲ್ಲವೇ ಅದು. ನಾನು ಉತ್ತರ ಕೊಡುವ ತನಕ ಚಿಲುಕ ತೆಗೆಯುತ್ತಿರಲಿಲ್ಲ.

ಅವರು ಹೋಗುವ ಹಿಂದಿನ ಸಂಜೆಯೂ ಗೇಟಿನವರೆಗೆ ಬಂದರು. ಚಿಲುಕ ಹಿಡಿದು ನಿಂತರು. ಅಂದು ಯಾಕೋ ಎರಡು ಸಲ ಕೇಳಿದರು.

"ಮತ್ತೆ ಕಂಡಕ್ಟ್ರೇ? ಮತ್ತೆ?"

"ಮತ್ತೇನಿಲ್ಲ ಡ್ರೈವರ್ರೇ" ಎಂದೆ. "ನಾಳೆ ಬರ್ತೀನಿ."